ಹಡಗಿನ ಬಕ್ಷೀಸು

ಯಾರಾದರೂ ಕಾಗದ ತಂದು ಕೈಗೆ ಕೊಟ್ಟರೆ ಅದನ್ನು ನೋಡದೆಯೇ "ನೀವೇ ಓದ್ರಿ" ಎಂದು ವಾಪಸು ಕೊಟ್ಟುಬಿಡುವುದು ನನ್ನ ಅಭ್ಯಾಸ. ಲೈಟ್ ಬಿಲ್ಲಿರಲಿ, ರೇಷನ್ ಅಂಗಡಿಯ ನೋಟೀಸಿರಲಿ, ಮದುವೆಯ ಕಾರ್ಡಿರಲಿ, ಅದೇ ಮಾತು. ಆಂಟಾಪ್ ಹಿಲ್‌ನಲ್ಲಿ ನಮ್ಮ ಬಿಲ್ಡಿಂಗಿನ ಮೂರು ಮಾಳಿಗೆಗೂ ಇದು ಗೊತ್ತು. ಮುಂಬಯಿಯಲ್ಲಿ ದರ್ಜಿಯನ್ನು ಮಾಸ್ಟರ್ ಎಂದು ಕರೆಯುತ್ತಾರಲ್ಲ, ಹಾಗಾಗಿ ನಾನು ಇಮಾಮ್ ಮಾಸ್ಟರ್. ಎದುರು ಮನೆಯಲ್ಲಿ ಬೆಂಗಳೂರಿನ ರಾಯರೊಬ್ಬರಿದ್ದಾರೆ, ಬ್ಯಾಂಕಿನ ಕೆಲಸ. "ಏನ್ರೀ, ಹೆಸರಿಗೆ ಮಾಸ್ಟ್ರು, ಅಕ್ಷರಕ್ಕೆ ಶತ್ರು!" ಎಂದು ನಗುತ್ತಾರೆ. ನಾನೂ ನಗುತ್ತೇನೆ. ನಗುವುದೂ ಅಭ್ಯಾಸವಾಗಿದೆ.

ಆದರೆ ನನಗೆ ಓದಲು ಬರುತ್ತದೆ. ಕನ್ನಡ ಬರುತ್ತದೆ, ಇದನ್ನು ಬರೆಯುತ್ತಿರುವವನು ನಾನೇ. ಇಂಗ್ಲಿಷೂ ಬರುತ್ತದೆ. ಮಾತನಾಡಲು ನಾಲಿಗೆ ತಿರುಗುವುದಿಲ್ಲ, ಆದರೆ ಕಾಗದದ ಮೇಲಿದ್ದರೆ ನಿಧಾನಕ್ಕೆ ಬಿಡಿಸಿಕೊಂಡು ಅರ್ಥ ಮಾಡಿಕೊಳ್ಳಬಲ್ಲೆ. ವಿಜಾಪುರದ ಕಡೆಯ ನಮ್ಮೂರ ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆ ಮುಗಿಸಿದೆ. ಅಬ್ಬಾ ತೀರಿಕೊಂಡ ಮೇಲೆ ಮಾಮು ನನ್ನನ್ನು ಮುಂಬಯಿಗೆ ಕರೆತಂದು ಫೋರ್ಟ್‌ನ ಒಂದು ಹೊಲಿಗೆ ಅಂಗಡಿಯಲ್ಲಿ ಕಾಜಾ ಮಾಡಲು, ಗುಂಡಿ ಹಚ್ಚಲು ಕೂರಿಸಿದ. ಸಂಜೆಯ ಕನ್ನಡ ಶಾಲೆಯಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿತೆ. ಉಳಿದದ್ದನ್ನು ಲೋಕಲ್ ಗಾಡಿ ಕಲಿಸಿತು. ಉಗುಳಬೇಡಿ, ಬಾಗಿಲಿಗೆ ಜೋತಾಡಬೇಡಿ, ಕಾರಣವಿಲ್ಲದೆ ಸರಪಳಿ ಎಳೆದರೆ ದಂಡ. ನನ್ನ ಇಂಗ್ಲಿಷ್ ತುಂಬ ಬರೀ ಬೇಡಗಳೇ. ಬೋಧನೆ ಅಷ್ಟಿದ್ದೂ ಬುದ್ಧಿ ಬರಲಿಲ್ಲ ಎಂಬುದು ಬೇರೆ ವಿಷಯ.

ಈ ವಿದ್ಯೆಯ ಬಗ್ಗೆ ನನಗೆ ಒಂದು ಕಾಲದಲ್ಲಿ ಭಾರಿ ಜಂಬವಿತ್ತು. ಅಂಗಡಿಗೆ ಬರುವ ಇಂಗ್ಲಿಷ್ ಪೇಪರನ್ನು ಚಹಾದ ಹೊತ್ತಿಗೆ ಬಿಡಿಸಿ, ಹುಬ್ಬು ಗಂಟಿಕ್ಕಿ ಓದುತ್ತಿದ್ದೆ. ನೋಡಿ ಬೆರಗಾಗಲು ನನಗೊಬ್ಬ ತಮ್ಮನಿದ್ದ.

ಮಹಬೂಬ್, ನಮ್ಮ ಬಾಯಲ್ಲಿ ಮಾಬೂ, ನನಗಿಂತ ಎಂಟು ವರ್ಷ ಚಿಕ್ಕವನು. ಅಮ್ಮಿ ಹೋದ ಮೇಲೆ ಅವನನ್ನೂ ಇಲ್ಲಿಗೇ ಕರೆಸಿಕೊಂಡೆ. ಸೂಜಿ ಅವನ ಕೈಗೆ ಹತ್ತಲಿಲ್ಲ. ಕೋಟಿನ ತೋಳು ಹಚ್ಚಲು ಕೊಟ್ಟರೆ ಎಡಗೈಯದು ಬಲಕ್ಕೆ, ಬಲಗೈಯದು ಎಡಕ್ಕೆ. ಆದರೆ ಇಸ್ತ್ರಿ ಮಾತ್ರ ಅವನಿಗೆ ಒಲಿದುಬಿಟ್ಟಿತು. ಕೆಂಡದ ಇಸ್ತ್ರಿಯ ಹತ್ತಿರ ಬೆರಳು ತಂದೇ ಕಾವು ಹೇಳುತ್ತಿದ್ದ. ನಾವು ಮನೆಯಲ್ಲಿ ಆಡುವುದು ದಖ್ನಿ ಉರ್ದು. ಜಗಳ ಮತ್ತು ಪತ್ರ ಕನ್ನಡದಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ ಒಂದು ಮಾತು ಮಾತ್ರ ಮೊದಲಿನಿಂದಲೂ ಕನ್ನಡದ್ದೇ: "ನಮ್ಮ ಭಾಯಿ ಇಂಗ್ಲಿಷ್ ಪೇಪರ್ ಓದ್ತಾನ, ಹಂಗಂದ್ರ ಏನ್ ತಿಳ್ಕೊಂಡೀರಿ!"

ನಮ್ಮ ಅಂಗಡಿಯಲ್ಲಿ ಹಡಗಿನ ಸ್ಟೀವರ್ಡುಗಳ ಬಿಳಿ ಕೋಟುಗಳನ್ನು ಹೊಲಿಯುತ್ತಿದ್ದೆವು. ಹಡಗಿಗೆ ಜನರನ್ನು ಹಚ್ಚುವ ಏಜೆಂಟರ ಆಫೀಸು ಎರಡು ಗಲ್ಲಿ ಆಚೆ. ಒಮ್ಮೆ ಕೋಟು ಕೊಡಲು ಹೋದ ಮಾಬೂನನ್ನು ಅಲ್ಲಿಯವರು, "ಇಷ್ಟು ನೀಟಾಗಿ ಇಸ್ತ್ರಿ ಮಾಡಿದ್ದು ಯಾರು?" ಎಂದು ಕೇಳಿದರಂತೆ. ಆರು ತಿಂಗಳಿಗೆ ಅವನು ಹಡಗು ಹತ್ತಿದ್ದ. ವಿದೇಶಿ ಪ್ರವಾಸಿಗಳ ದೊಡ್ಡ ಹಡಗು. ಅವನ ಕೆಲಸ ತಳದ ಲಾಂಡ್ರಿಯಲ್ಲಿ. ಕಿಟಕಿಯಿಲ್ಲ, ಸಮುದ್ರ ಕಾಣುವುದಿಲ್ಲ. "ಭಾಯಿ, ನಾ ಹಡಗಿನ್ಯಾಗ ಇದ್ದೀನಿ ಅನ್ನೋದು ಬಕೀಟಿನ ನೀರು ಅಳ್ಳಾಡಿದಾಗಷ್ಟ ಗೊತ್ತಾಗ್ತೈತಿ" ಎಂದು ಬರೆದಿದ್ದ.

ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ಆ ಹಡಗು ಮುಂಬಯಿಗೆ ಬಂತು. ಇಲ್ಲಿಂದ ಗೋವಾ, ಕೊಚ್ಚಿ ಮುಟ್ಟಿ ಆರು ದಿನದಲ್ಲಿ ಮರಳುವುದು. ಕೆಲಸಗಾರರ ಮನೆಯವರಿಗೆ ಖಾಲಿ ಉಳಿದ ಕೋಣೆಗಳನ್ನು ಪುಕ್ಕಟೆ ಕೊಡುತ್ತಾರೆಂದು ಮಾಬೂ ನನ್ನ ಹೆಸರನ್ನೂ ನನ್ನ ಹೆಂಡತಿ ಶಾಹಿದಾಳ ಹೆಸರನ್ನೂ ಬರೆಸಿದ. ಅದರ ಜೊತೆಗೆ ಇನ್ನೊಂದು. ಆ ವರ್ಷ ಲಾಂಡ್ರಿಯಲ್ಲಿ ಚೆನ್ನಾಗಿ ದುಡಿದವನೆಂದು ಕಂಪನಿ ಅವನಿಗೆ ಇನಾಮು ಕೊಟ್ಟಿತ್ತು. ನೋಟಿನ ರೂಪದಲ್ಲಲ್ಲ, ಆನ್‌ಬೋರ್ಡ್ ಕ್ರೆಡಿಟ್ ಅಂತ.

ಹಾಗೆಂದರೇನೆಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ಹಡಗಿನೊಳಗೆ ಯಾರೂ ಜೇಬಿನಿಂದ ದುಡ್ಡು ತೆಗೆಯುವುದಿಲ್ಲ. ಏನು ಕೊಂಡರೂ ಚೀಟಿಗೆ ಸಹಿ. ನಿಮ್ಮ ಕೋಣೆಯ ಹೆಸರಿನಲ್ಲಿ ಮೊದಲೇ ಇಷ್ಟು ಡಾಲರ್ ಎಂದು ಜಮೆ ಇಟ್ಟಿದ್ದರೆ ಆ ಸಹಿಗಳೆಲ್ಲ ಅದರಲ್ಲೇ ಕರಗುತ್ತವೆ. ಖರ್ಚಾಗದೆ ಉಳಿದದ್ದು ನಿಮಗೆ ವಾಪಸು ಬರುವುದಿಲ್ಲ. ಹಡಗಿನಿಂದ ಇಳಿದಿರೋ ಅದೂ ಇಳಿಯಿತು. ಮಾಬೂ ತನ್ನ ಇನಾಮನ್ನು ಪೂರ್ತಿ ನಮ್ಮ ಕೋಣೆಯ ಹೆಸರಿಗೆ ಬರೆಸಿದ್ದ.

ಹಡಗು ಹತ್ತಿದ ದಿನ ಏಣಿಯ ಬಾಯಲ್ಲಿ ಎರಡು ನಿಮಿಷ ಸಿಕ್ಕ. ಪ್ರಯಾಣಿಕರ ಮಾಳಿಗೆಗಳಿಗೆ ಲಾಂಡ್ರಿಯವರು ಬರುವಂತಿಲ್ಲ. ಬಿಳುಚಿಕೊಂಡಿದ್ದ, ಆದರೆ ಮುಖದ ತುಂಬ ನಗು.

"ಭಾಯಿ, ಕ್ವಾಣ್ಯಾಗ ಮೇಜಿನ ಮ್ಯಾಲೆ ಒಂದು ಕಾಗದ ಇಟ್ಟಾರ. ಕ್ರೆಡಿಟ್ ಯಾವುದಕ್ಕಂತ ಎಲ್ಲಾ ಅದರಾಗ ಬರೆಸೀನಿ. ನೀ ಓದ್ಕೋತಿ, ನಾ ಏನ್ ಹೇಳೂದು!"

"ಹೋಗೋ, ನನಗ ಕಲಸ್ತೀ ಏನು" ಎಂದೆ.

ಕೋಣೆಗೆ ಕರೆದೊಯ್ದವನು ರೋಕಿ. ಮಂಗಳೂರಿನ ಕಡೆಯವನು, ಮಾಬೂನ ಜೀವದ ಗೆಳೆಯ, ನಮ್ಮ ಸಾಲಿನ ಕೋಣೆಗಳ ಸ್ಟೀವರ್ಡ್. "ಎಂತ ಅಣ್ಣ, ಅತ್ತಿಗೆಗೆ ತಲೆ ತಿರುಗುದಿಲ್ಲ ಅಲ್ಲ? ತಿರುಗಿದ್ರೆ ಲಿಂಬೆ ಉಂಟು" ಎನ್ನುತ್ತ ನಮ್ಮ ಟ್ರಂಕನ್ನು ಹೊತ್ತು ತಂದ. ಹೊರಗೆ ಹೋಗಿ ಬರುವಷ್ಟರಲ್ಲಿ ಹಾಸಿಗೆಯನ್ನು ಸುಕ್ಕಿಲ್ಲದೆ ಹಾಸಿರುತ್ತಿದ್ದ. ಶಾಹಿದಾಳಿಗೆ ಅದರ ಮೇಲೆ ಕೂರಲು ಮನಸ್ಸಾಗದೆ ಮೊದಲ ದಿನವೆಲ್ಲ ಟ್ರಂಕಿನ ಮೇಲೆಯೇ ಕುಳಿತಳು.

ಮೇಜಿನ ಮೇಲೆ ಕಾಗದವಿತ್ತು. ಟೈಪ್ ಮಾಡಿದ ಇಂಗ್ಲಿಷ್, ಒಂದು ಪುಟ. ಕಿಟಕಿಯ ಹತ್ತಿರ ನಿಂತು, ಹುಬ್ಬು ಗಂಟಿಕ್ಕಿ, ಬೆರಳಿಟ್ಟುಕೊಂಡು ಓದಿ ಶಾಹಿದಾಳಿಗೆ ಒಂದೊಂದೇ ಸಾಲಿನ ಅರ್ಥ ಹೇಳಿದೆ. ಸ್ವಾಗತ. ನಿಮ್ಮ ಹೆಸರಿನಲ್ಲಿ ಇಷ್ಟು ಕ್ರೆಡಿಟ್ ಇದೆ. ಇದನ್ನು ಇಟ್ಟಿರುವವರ ಇಚ್ಛೆಯಂತೆ ಇದು ನಿಮ್ಮ ಕೋಣೆಯ ಸ್ಟೀವರ್ಡನಿಗೆ, ಊಟದ ಮೇಜಿನ ವೇಟರನಿಗೆ ಬಕ್ಷೀಸು ಕೊಡಲೆಂದೇ. ಕಡೆಯ ದಿನ ಕೌಂಟರಿಗೆ ಬಂದು ಅವರ ಹೆಸರಿಗೆ ಹಾಕಿಸಬೇಕು. ಇವರ ಗಳಿಕೆಯ ಬಹುಪಾಲು ಈ ಬಕ್ಷೀಸೇ.

"ನೋಡ್ರಿ ನಿಮ್ಮ ತಮ್ಮನ್ನ, ಹೆಂಗ ಯೋಚನಿ ಮಾಡ್ಯಾನ!" ಎಂದಳು ಶಾಹಿದಾ. ಲಾಂಡ್ರಿಯವರಿಗೆ ಯಾರೂ ಬಕ್ಷೀಸು ಕೊಡುವುದಿಲ್ಲ, ಯಾರಿಗೂ ಅವರ ಮುಖವೇ ಕಾಣುವುದಿಲ್ಲ. ಅಂಥವನು ಇತರರ ಬಕ್ಷೀಸಿನ ಚಿಂತೆ ಮಾಡಿದ್ದ. ನನಗೂ ಹೆಮ್ಮೆಯಾಯಿತು. ಆ ಹೆಮ್ಮೆ ಮೂರು ದಿನ ಇತ್ತು.

ನಾಲ್ಕನೆಯ ದಿನ ಹಡಗಿನ ಅಂಗಡಿಯಲ್ಲಿ ಒಂದು ದುರ್ಬೀನು ನೋಡಿದೆ.

ಕಪ್ಪು ಬಣ್ಣದ್ದು, ಚರ್ಮದ ಪಟ್ಟಿ. ಅಂಗಡಿಯವನು ಕಣ್ಣಿಗೆ ಹಿಡಿಸಿದ. ದೂರದಲ್ಲಿ ಮೀನುಗಾರರ ದೋಣಿಯೊಂದು ಹೋಗುತ್ತಿತ್ತು. ಅದರಲ್ಲಿದ್ದ ಮುದುಕ ಬೀಡಿ ಹಚ್ಚುವುದು ಕಂಡಿತು. ಮೂವತ್ತು ವರ್ಷ ಸೂಜಿಯ ಕಣ್ಣನ್ನೇ ನೋಡಿದ ಮನುಷ್ಯ ನಾನು. ಅಷ್ಟು ದೂರದ್ದು ಇಷ್ಟು ಹತ್ತಿರ ಬಂದದ್ದು ಅದೇ ಮೊದಲು. ಬೆಲೆ ಕೇಳಿದೆ. ಹೆಚ್ಚುಕಡಿಮೆ ನಮ್ಮ ಕ್ರೆಡಿಟ್ಟಿನಷ್ಟೇ.

ಆಮೇಲೆ ಎರಡು ದಿನ ನನ್ನ ತಲೆಯೊಳಗೆ ವಕೀಲನೊಬ್ಬ ಬಂದು ಕುಳಿತ. ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ: ನಮ್ಮವರೆಂದುಕೊಂಡವರ ಬಟ್ಟೆಗೆ ಸಿಲಾಯಿ, ಅಂದರೆ ಹೊಲಿಗೆಯ ಕೂಲಿ, ತೆಗೆದುಕೊಳ್ಳುವುದಿಲ್ಲ. ಕೊಡಲು ಬಂದರೆ ದರ್ಜಿಗೆ ಸಿಟ್ಟು ಬರುತ್ತದೆ, "ನನ್ನ ಪರಕೀಯ ಮಾಡಿದ್ಯಾ?" ಎನ್ನುತ್ತಾನೆ. ವಕೀಲ ಇದನ್ನೇ ಹಿಡಿದುಕೊಂಡ. ರೋಕಿ ಮಾಬೂನ ಗೆಳೆಯ, ಎಂದರೆ ನಮ್ಮವನು. ನಮ್ಮವನಿಗೆ ಬಕ್ಷೀಸು ಕೊಟ್ಟರೆ ಅವಮಾನವಲ್ಲವೇ? ಮೇಲಾಗಿ ಶಾಹಿದಾ ಕಟ್ಟಿಕೊಂಡು ಬಂದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ಅವನು ದಿನವೂ ಬಾಗಿಲ ಮರೆಯಲ್ಲಿ ನಿಂತು ತಿಂದಿರಲಿಲ್ಲವೇ? "ಎಂಥ ರೊಟ್ಟಿ ಅತ್ತಿಗೆ, ಹಪ್ಪಳದ ಹಾಗೆ!" ಎಂದಿರಲಿಲ್ಲವೇ? ಅದನ್ನೂ ವಕೀಲ ಬರೆದುಕೊಂಡ.

ಬಕ್ಷೀಸು ಎಂದರೇನೆಂದು ಗೊತ್ತಿಲ್ಲದವನಾಗಿದ್ದರೆ ಮಾತು ಬೇರೆ. ಒಮ್ಮೆ ಭಾಯ್‌ಖಳಾದ ಒಂದು ಮದುವೆ ಮನೆಗೆ ಮದುಮಗನ ಶೇರ್ವಾನಿ ಒಯ್ದು ಕೊಟ್ಟಿದ್ದೆ. ಹದಿನೈದು ದಿನ ಕಣ್ಣು ನೋಯಿಸಿಕೊಂಡು ಜರಿ ಹಚ್ಚಿದ್ದು. ಅವರು ಬರೀ "ಶುಕ್ರಿಯಾ" ಎಂದು ಬಾಗಿಲು ಹಾಕಿಕೊಂಡರು. ಆ ಬಾಗಿಲಿನ ಹಸಿರು ಬಣ್ಣ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಕಡೆಯ ದಿನ ಬೆಳಿಗ್ಗೆ ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗಿ ಚೀಟಿಗಳನ್ನು ನೋಡಿ ಒಳ್ಳೆಯ ಹಿಂದಿಯಲ್ಲಿ ಬಿಡಿಸಿ ಹೇಳಿದಳು: "ಭಾಯಿಸಾಬ್, ದುರ್ಬೀನು ತೆಗೆದುಕೊಂಡರೆ ಬಕ್ಷೀಸಿಗೆ ಏನೂ ಉಳಿಯುವುದಿಲ್ಲ. ಕ್ರೆಡಿಟ್ ಇಟ್ಟವರು ಬಕ್ಷೀಸಿಗೆಂದೇ ಇಟ್ಟಿದ್ದಾರೆ. ಏನು ಮಾಡಲಿ?"

"ವೋ ಅಪನೇ ಹೀ ಲೋಗ್ ಹೈ" ಎಂದೆ. ಅವರು ನಮ್ಮವರೇ.

ಆಕೆ ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ಚೀಟಿ ಮುಂದಿಟ್ಟಳು. ಇಂಗ್ಲಿಷಿನಲ್ಲೇ ಸಹಿ ಹಾಕಿದೆ, ಇಮಾಮಸಾಬ್ ಎಂದು, ಬಾಲ ಎಳೆದು.

ಇಳಿಯುವಾಗ ರೋಕಿ ಟ್ರಂಕು ಹೊತ್ತು ಏಣಿಯವರೆಗೂ ಬಂದ. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಅಂಗಡಿಗೆ ಬಾ, ಒಂದು ಪ್ಯಾಂಟ್ ಹೊಲಿದು ಕೊಡ್ತೀನಿ, ಸಿಲಾಯಿ ತಗೊಳ್ಳಂಗಿಲ್ಲ" ಎಂದೆ. ಅವನು "ಆಯ್ತು ಅಣ್ಣ, ದೇವರು ಒಳ್ಳೆದು ಮಾಡ್ಲಿ" ಎಂದ. ನನ್ನ ಕುತ್ತಿಗೆಯಲ್ಲಿ ಜೋತಾಡುತ್ತಿದ್ದ ದುರ್ಬೀನಿನ ಕಡೆ ಅವನು ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ ಎಂದು ನನಗೆ ಗೊತ್ತಾಯಿತು.

ನಾವು ಇಳಿದ ಮೂರನೆಯ ದಿನ ಮಧ್ಯಾಹ್ನ ಮಾಬೂ ಅರ್ಧ ದಿನದ ರಜೆ ಹಾಕಿ ಮನೆಗೆ ಬಂದ. ಹಡಗು ಸಂಜೆಗೆ ಹೊರಡುವುದಿತ್ತು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಕೇಳಿದ:

"ಭಾಯಿ, ಆ ಕಾಗದ ಓದಿದ್ಯೋ ಇಲ್ಲೋ?"

ದುರ್ಬೀನು ಹೊಲಿಗೆ ಮಶೀನಿನ ಮೇಲೆಯೇ ಇತ್ತು. ಅವನ ಕಣ್ಣು ಅದರ ಮೇಲೆ ಬಿತ್ತು. ಆ ಕಣ್ಣಿನಲ್ಲಿ ಇದ್ದದ್ದು ಸಿಟ್ಟಲ್ಲ, ಹೆದರಿಕೆ. ನಾನು ಏನು ಹೇಳಿಬಿಡುತ್ತೇನೋ ಎಂಬ ಹೆದರಿಕೆ. ಓದಿದೆ ಎಂದರೆ ಅವನ ಭಾಯಿ ಎಂಥವನೆಂದು ಅಲ್ಲಿಗೆ ತೀರ್ಮಾನವಾಗುತ್ತಿತ್ತು.

"ಅದು ಇಂಗ್ಲಿಷ್‌ನಾಗಿತ್ತಲ್ಲೋ, ಮಾಬೂ" ಎಂದೆ.

"ಇಂಗ್ಲಿಷ್ ನಿನಗ ಬರ್ತೈತಲ್ಲ?"

"ಎಲ್ಲಿ ಬರ್ತೈತಿ? ಸ್ಟೇಷನ್ ಹೆಸರು ಗುರುತು ಹಿಡೀತೀನಿ, ಅಷ್ಟ. ಪೇಪರ್ ಹಿಡ್ಕೊಂಡು ಕುಂದರ್ತಿದ್ದೆನಲ್ಲ, ಚಿತ್ರ ನೋಡ್ತಿದ್ದೆ. ನಿನ್ನ ಮುಂದ ದೊಡ್ಡಸ್ತನ ಮಾಡ್ತಿದ್ದೆ."

ಹೀಗೆ, ನಾನು ಆಡದೇ ಇದ್ದ ಒಂದು ಸುಳ್ಳನ್ನು ಆಡಿದ್ದೆನೆಂದು ಒಪ್ಪಿಕೊಂಡು ನಿಜವಾದ ತಪ್ಪನ್ನು ಮುಚ್ಚಿಟ್ಟೆ. ಮಾಬೂ ಉಸಿರು ಬಿಟ್ಟು ನಕ್ಕ. ಬಂದು ನನ್ನನ್ನು ತಬ್ಬಿಕೊಂಡ.

"ಯಾ ಅಲ್ಲಾ! ಹಂಗಾದ್ರ ತಪ್ಪು ನಂದು. ನಾನಽ ಬಾಯಿಲೆ ಹೇಳಬೇಕಾಗಿತ್ತು. ರೋಕಿಗೆ ಏನೂ ಬರಲಿಲ್ಲಂತ ಕೆಳಗ ಎಲ್ಲಾರೂ ನಕ್ಕರು, ಭಾಯಿ. 'ನಿಮ್ಮ ಅಣ್ಣ ಭಾಳ ಶ್ಯಾಣ್ಯಾ' ಅಂದ್ರು. ನಮ್ಮ ಭಾಯಿ ಅಂಥಾವ ಅಲ್ಲಂತ ನಾ ಜಗಳಾಡಿಬಿಟ್ಟೆ. ಈಗ ಹೋಗಿ ಹೇಳ್ತೀನಿ, ಅವಗ ಓದಾಕ ಬರಂಗಿಲ್ಲ, ಪಾಪ, ಅಂತ."

"ರೋಕಿದು?"

"ಅದು ನಾ ನೋಡ್ಕೋತೀನಿ. ನೀ ಮನಸಿಗೆ ಹಚ್ಕೋಬ್ಯಾಡ."

ಶಾಹಿದಾ ಒಳಗೆ ಚಹಾ ಸೋಸುತ್ತಿದ್ದಳು. ಮಾಬೂ ಹೋದ ಮೇಲೆ ಬಟ್ಟಲು ಎತ್ತುತ್ತ ಹೇಳಿದಳು: "ಇಷ್ಟ ವರ್ಷ ಸಂಸಾರ ಮಾಡಿದ್ರೂ ನಿಮಗ ಓದಾಕ ಬರಂಗಿಲ್ಲಂತ ನನಗ ಇವತ್ತ ಗೊತ್ತಾತು ನೋಡ್ರಿ."

ದುರ್ಬೀನಿನ ಕಥೆ ಬೇಗ ಮುಗಿಯಿತು. ಆಂಟಾಪ್ ಹಿಲ್‌ನಲ್ಲಿ ದೂರದ್ದು ಎಂದು ನೋಡಲು ಏನಿದೆ? ಒಂದು ಕಡೆ ಉಪ್ಪಿನ ಗದ್ದೆ, ಇನ್ನೊಂದು ಕಡೆ ಎದುರು ಬಿಲ್ಡಿಂಗಿನ ಕಿಟಕಿಗಳು. ಉಪ್ಪಿನ ಗದ್ದೆಯತ್ತ ಹಿಡಿದರೂ ಕಿಟಕಿಯವರಿಗೆ ಸಂಶಯ. ಎಂಟು ದಿನದಲ್ಲಿ ಸೊಸೈಟಿಯ ಸೆಕ್ರೆಟರಿ ಬಂದು, "ಮಾಸ್ಟರ್, ಈ ವಯಸ್ಸಿನಲ್ಲಿ ಶೋಭಿಸುವುದಿಲ್ಲ" ಎಂದು ಮರಾಠಿಯಲ್ಲಿ ತಿಳಿಹೇಳಿ ಹೋದ. ಶಾಹಿದಾ ಅದನ್ನು ಗೋಧಿ ಡಬ್ಬಿಯ ಹಿಂದೆ ಹಾಕಿದಳು. ಆಮೇಲೆ ಅದನ್ನು ನಾನು ಹುಡುಕಲಿಲ್ಲ.

ಸುಳ್ಳಿನ ಕಥೆ ಹಾಗಲ್ಲ. ಅದು ಬೆಳೆಯುತ್ತ ಹೋಯಿತು.

ಮೊದಲು ಬದಲಾದದ್ದು ಅವನ ಪತ್ರಗಳು. ಓದಲು ಬರುವುದಿಲ್ಲವೆಂದು ನಾನು ಹೇಳಿದ್ದು ಇಂಗ್ಲಿಷಿನ ಮಾತು. ಮಾಬೂ ಅದನ್ನು ಕನ್ನಡಕ್ಕೂ ಅನ್ವಯಿಸಿಕೊಂಡ, ನನ್ನ ಹಳೆಯ ಪತ್ರಗಳನ್ನೂ ಯಾರೋ ಬರೆದುಕೊಟ್ಟಿರಬೇಕೆಂದುಕೊಂಡ. ಅಕ್ಷರಗಳು ಹುಣಸೇಬೀಜದಷ್ಟು ದಪ್ಪಗಾದವು. ವಾಕ್ಯಕ್ಕೆ ಎರಡು ಮೂರೇ ಶಬ್ದ. "ನಾನು ಆರಾಮ ಇದ್ದೇನೆ. ಇಲ್ಲಿ ಚಳಿ ಇದೆ. ಇದು ಡ್ರಾಫ್ಟ್. ಇದನ್ನು ಹರಿಯಬೇಡ. ಬ್ಯಾಂಕಿಗೆ ಒಯ್ಯಿ." ಪಕ್ಕದಲ್ಲಿ ಬ್ಯಾಂಕಿನ ಚಿತ್ರ, ಬಾಗಿಲಲ್ಲಿ ಬಂದೂಕು ಹಿಡಿದ ಕಾವಲುಗಾರ. ಮೊದಮೊದಲು ನನಗೆ ನಗು ಬಂತು. ಆಮೇಲೆ ಅವು ಬಂದ ದಿನ ಊಟ ಸೇರುತ್ತಿರಲಿಲ್ಲ. ಹಿಂದೆಲ್ಲ ಅವನು ನಾಲ್ಕು ಪುಟ ಬರೆಯುತ್ತಿದ್ದ: ಬಂದರುಗಳು, ಜಗಳಗಳು, ಯಾವನೋ ಗ್ರೀಕಿನವನ ಗೊರಕೆ, ತನ್ನ ಮದುವೆಯ ಆಸೆ. ಈಗ ಅದೆಲ್ಲ ನಿಂತಿತ್ತು. ನನಗೆ ಭಾರವಾದೀತೆಂದು ತನ್ನ ಮನಸ್ಸನ್ನೇ ಸಣ್ಣ ಸಣ್ಣ ತುಂಡು ಮಾಡಿ ಕಳಿಸುತ್ತಿದ್ದ.

ಮುಂದಿನ ರಜೆಗೆ ಬಂದಾಗ ಮಕ್ಕಳ ಇಂಗ್ಲಿಷ್ ಪುಸ್ತಕ ತಂದ. ಬಣ್ಣದ ಸೇಬು, ಬಣ್ಣದ ಬೆಕ್ಕು.

"ನೀ ನನಗ ಇಸ್ತ್ರಿ ಹಿಡಿಯೂದು ಕಲಿಸ್ದಿ. ನಾ ನಿನಗ ಇದನ್ನ ಕಲಿಸ್ತೀನಿ. ನಾಚಿಕಿ ಬ್ಯಾಡ, ಭಾಯಿ."

ದಿನವೂ ನಾಷ್ಟಾ ಆದ ಮೇಲೆ ಒಂದು ತಾಸು. ಗೊತ್ತಿಲ್ಲದ್ದನ್ನು ಕಲಿಯುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಗೊತ್ತಿದ್ದದ್ದನ್ನು ಗೊತ್ತಿಲ್ಲದವನಂತೆ ಕಲಿಯುವುದು ಎಷ್ಟು ಕಷ್ಟವೆಂದು ನನ್ನನ್ನು ಕೇಳಿ. ಎಲ್ಲಿ ತಪ್ಪಬೇಕೆಂದು ಮೊದಲೇ ಯೋಚಿಸಬೇಕು. ಒಂದೇ ತಪ್ಪನ್ನು ಹೆಚ್ಚು ದಿನ ಮಾಡಿದರೆ ಗುರುವಿಗೆ ಬೇಸರ, ಬೇಗ ಬಿಟ್ಟರೆ ಸಂಶಯ. ನಾನು ಬೆಕ್ಕಿನ ಮೊದಲ ಅಕ್ಷರ ಸರಿಯಾಗಿ ಬರೆದ ದಿನ ಮಾಬೂ "ಶಾಬಾಸ್!" ಎಂದು ಬೆನ್ನು ತಟ್ಟಿ ಶಾಹಿದಾಳನ್ನು ಕೂಗಿದ: "ಭಾಬಿ, ಬಂದು ನೋಡ್ರಿ!" ಅವಳು ಬಂದು ನೋಡಿದಳು. "ಭಾಳ ಛಲೋ ಬರ್ದಾರ" ಎಂದು ಒಳಗೆ ಹೋದಳು. ಅಡುಗೆಮನೆಯಲ್ಲಿ ಅವಳು ಮೂಗು ಒರೆಸಿಕೊಳ್ಳುವುದು ಕೇಳಿಸಿತು.

ಹೇಳಿಬಿಡಬೇಕೆಂದು ಅನ್ನಿಸಲಿಲ್ಲವೇ ಎಂದು ನೀವು ಕೇಳುತ್ತೀರಿ. ದಿನವೂ ಅನ್ನಿಸುತ್ತಿತ್ತು. ಒಮ್ಮೆ ಕಿಂಗ್ಸ್ ಸರ್ಕಲ್ ಸ್ಟೇಷನ್ನಿನಲ್ಲಿ ಬೋರ್ಡಿನ ಮೇಲೆ ಗಾಡಿ ರದ್ದಾದ ವಿಷಯ ಸೀಮೆಸುಣ್ಣದಿಂದ ಇಂಗ್ಲಿಷಿನಲ್ಲಿ ಬರೆದಿತ್ತು. "ಹನ್ನೊಂದರ ಗಾಡಿ ಇಲ್ಲಂತ, ನಡಿ ಬಸ್ಸಿಗೆ ಹೋಗೂಣು" ಎಂದು ನನ್ನ ಬಾಯಿಂದ ಜಾರಿಹೋಯಿತು. ಮಾಬೂ ನನ್ನನ್ನೇ ನೋಡಿದ. ಆಗ ನಾನು ನಗಬೇಕಿತ್ತು, ಕಿವಿ ಹಿಡಿದುಕೊಳ್ಳಬೇಕಿತ್ತು. ಅದರ ಬದಲು, "ಯಾರೋ ಅಂದಿದ್ದು ಕೇಳಿದೆ" ಎಂದೆ. ಅವನ ಮುಖ ಸಣ್ಣಗಾಯಿತು. ತಾನು ಕಲಿಸಿದ್ದು ಫಲ ಕೊಟ್ಟಿತೆಂದು ಅವನು ಅಂದುಕೊಂಡಿದ್ದ.

ತೊಂಬತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು. ಕಡೆಯ ರಜೆ ಮುಗಿಸಿ ಹೊರಡುವ ಮುಂಚೆ ಅವನು ಕಟ್ಟೆಯ ಮೇಲೆ ಕುಳಿತು ಏಜೆಂಟರ ಫಾರಂ ತುಂಬುತ್ತಿದ್ದ. ಹೊಟ್ಟೆನೋವೆಂದು ಆ ಸಲ ಖಾರ ಬಿಟ್ಟಿದ್ದ. ಹಡಗಿನ ಊಟ, ಸರಿಹೋಗುತ್ತದೆ ಎಂದಿದ್ದ. ಫಾರಂನಲ್ಲಿ ಒಂದು ಕಡೆ ಪೆನ್ನು ನಿಲ್ಲಿಸಿದ.

"ಭಾಯಿ, ನನಗೇನಾರ ಆದ್ರ ಯಾರಿಗೆ ತಿಳಿಸಬೇಕಂತ ಇಲ್ಲಿ ಬರೀಬೇಕು. ಮೊದಲ ನಿನ್ನ ಹೆಸರು ಇತ್ತು. ಆದ್ರ ಅವ್ರ ಕಾಗದ ಎಲ್ಲಾ ಇಂಗ್ಲಿಷ್. ನಿನಗ ತ್ರಾಸ. ರೋಕಿ ಹಡಗಿನ ಕೆಲಸ ಬಿಟ್ಟು ಘಾಟ್ಕೋಪರ್‌ನಾಗ ತಂಗಿ ಮನ್ಯಾಗ ಅದಾನ. ಅವನ ಹೆಸರು ಬರೀತೀನಿ. ಕಾಗದ ಬಂದ್ರ ಅವ ಬಂದು ನಿನಗ ಓದಿ ಹೇಳ್ತಾನ. ಬರೀಲಿ?"

ಮೊದಲಿದ್ದ ನನ್ನ ಹೆಸರನ್ನು ಅಲ್ಲೇ ಉಳಿಸಿಕೊಳ್ಳಲು ಒಂದು ವಾಕ್ಯ ಸಾಕಿತ್ತು. ಒಳಬಾಗಿಲಲ್ಲಿ ಶಾಹಿದಾ ನಿಂತಿದ್ದಳು. ಅವಳ ಕಣ್ಣು "ಹೇಳ್ರಿ, ಈಗಾರ ಹೇಳ್ರಿ" ಎನ್ನುತ್ತಿತ್ತು. ಹೇಳಿದರೆ ಬಣ್ಣದ ಸೇಬಿನಿಂದ ಹಿಡಿದು ಹಡಗಿನ ಕೌಂಟರಿನವರೆಗೆ ಎಲ್ಲ ಒಂದೇ ಸಲ ಬಿಚ್ಚಿಹೋಗುತ್ತಿತ್ತು, ಕಚ್ಚಾ ಹೊಲಿಗೆಯ ಹಾಗೆ.

"ಬರಿ" ಎಂದೆ.

ಅವನು ಬರೆದ.

ಐದು ತಿಂಗಳ ಮೇಲೆ ದಪ್ಪ ಅಕ್ಷರದ ಪತ್ರಗಳು ನಿಂತವು. ದೂರದ ಬಂದರಿರಬೇಕು ಎಂದುಕೊಂಡೆವು. ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ರೋಕಿ ನಿಂತಿದ್ದ. ಗಡ್ಡ ಬಿಟ್ಟಿದ್ದ, ಕೈಯಲ್ಲಿ ಎರಡು ಉದ್ದ ಲಕೋಟೆ. ಹಡಗಿನಿಂದ ಇಳಿದ ಮೇಲೆ ನಾನು ಅವನನ್ನು ನೋಡಿದ್ದು ಅದೇ ಮೊದಲು.

"ಅಣ್ಣ, ಕೂತ್ಕೊಳ್ಳಿ. ಅತ್ತಿಗೆ, ನೀವೂ ಕೂತ್ಕೊಳ್ಳಿ. ಒಂದು ಸಂಗತಿ ಹೇಳ್ಲಿಕ್ಕುಂಟು" ಎಂದ. "ನಾನು ಒಂದು ತಿಂಗಳು ಊರಿಗೆ ಹೋಗಿದ್ದೆ. ತಂಗಿಯವರೂ ಬಂದಿದ್ರು. ಮನೆಗೆ ಬೀಗ. ನಿನ್ನೆ ಬಂದು ನೋಡುವಾಗ ಬಾಗಿಲಿನ ಅಡಿಯಲ್ಲಿ ಇದು ಬಿದ್ದಿತ್ತು. ಎರಡೂ ಒಟ್ಟಿಗೆ. ನಾನು ಇಲ್ಲಿದ್ದಿದ್ರೆ... ಕ್ಷಮಿಸಿ ಅಣ್ಣ, ನಾನು ಇಲ್ಲಿರಲಿಲ್ಲ."

ಮಾಬೂ ಹೋಗಿಬಿಟ್ಟಿದ್ದ. ಹೊಟ್ಟೆಯಲ್ಲಿ ಹುಣ್ಣು ಒಡೆದು ಯಾವುದೋ ಬಂದರಿನ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದು ತೀರಿಕೊಂಡಿದ್ದ. ಅಲ್ಲಿಯ ಮಸೀದಿಯವರು ಮಣ್ಣು ಮಾಡಿದ್ದರು. ಶಾಹಿದಾ ಗೋಡೆಗೆ ತಲೆ ಹಚ್ಚಿ ಕುಸಿದಳು. ನಾನು ಮಶೀನಿನ ಬೆಂಚಿನ ಮೇಲೆ ಕುಳಿತೇ ಇದ್ದೆ. ರೋಕಿ ಬಂದು ಪಕ್ಕದಲ್ಲಿ ಕುಳಿತ.

"ಅವನು ನನಗೆ ಹೇಳಿದ್ದ ಅಣ್ಣ. ಕಾಗದ ಬಂದ್ರೆ ನಮ್ಮ ಭಾಯಿಗೆ ನಿಧಾನಕ್ಕೆ ಓದಿ ಹೇಳು, ಅವಸರ ಮಾಡ್ಬೇಡ ಅಂತ. ನಾನು ಓದ್ತೇನೆ. ತಿಳಿಯದಿದ್ರೆ ನಿಲ್ಲಿಸಿ."

ಅವನು ಮೊದಲನೆಯ ಕಾಗದವನ್ನು ಬಿಡಿಸಿದ. ಫೋರ್ಟ್‌ನ ಆ ಏಜೆಂಟರ ಆಫೀಸಿನದು, ನನ್ನ ಅಂಗಡಿಯಿಂದ ಎರಡು ಗಲ್ಲಿ ಆಚೆ ಟೈಪ್ ಮಾಡಿದ್ದು. ಅಲ್ಲಿಂದ ಅದು ಘಾಟ್ಕೋಪರ್‌ಗೆ ಹೋಗಿ ಬೀಗ ಹಾಕಿದ ಬಾಗಿಲಿನ ಕೆಳಗೆ ಮಲಗಿತ್ತು. ರೋಕಿ ಒಂದೊಂದೇ ಸಾಲಿಗೆ ಬೆರಳಿಟ್ಟು ಕನ್ನಡದಲ್ಲಿ ಹೇಳತೊಡಗಿದ. ಅವನ ಭುಜದ ಪಕ್ಕದಿಂದ ನನ್ನ ಕಣ್ಣು ಅವನ ಬೆರಳಿಗಿಂತ ಮುಂದೆ ಹೋಗುತ್ತಿತ್ತು. ತಡೆಯಲು ನೋಡಿದೆ, ಆಗಲಿಲ್ಲ.

"ಆಸ್ಪತ್ರೆಗೆ ಸೇರಿಸಿದ್ದಾರಂತೆ... ಆಪರೇಷನ್ ಆಗಿದೆಯಂತೆ... ಒಳ್ಳೆ ಡಾಕ್ಟರು ಅಂತೆ..."

ಅವನ ಬೆರಳು ಒಂದು ಕಡೆ ನಿಂತಿತು. ನಾನಾಗಲೇ ಓದಿಯಾಗಿತ್ತು. ರೋಗಿಗೆ ಪ್ರಜ್ಞೆಯಿದೆ. ತನ್ನ ಅಣ್ಣನಿಂದ ಸುದ್ದಿ ಬಂತೇ ಎಂದು ಅವನು ಪ್ರತಿದಿನ ವಿಚಾರಿಸುತ್ತಾನೆ. ಮನೆಯವರು ನಮ್ಮ ಆಫೀಸಿಗೆ ಯಾವ ದಿನ ಬಂದರೂ ಫೋನಿನಲ್ಲಿ ಮಾತನಾಡಿಸಲು ಏರ್ಪಾಡು ಮಾಡುತ್ತೇವೆ.

ರೋಕಿಯ ಬೆರಳು ಆ ಮೂರು ಸಾಲನ್ನು ದಾಟಿ ಕೆಳಗಿಳಿಯಿತು. "ನೋವೇನೂ ಇಲ್ಲ, ಆರಾಮವಾಗಿ ನಿದ್ದೆ ಮಾಡ್ತಾನೆ ಅಂತ ಬರೆದಿದ್ದಾರೆ" ಎಂದ. ಹಾಗೆ ಎಲ್ಲೂ ಬರೆದಿರಲಿಲ್ಲ.

"ನನ್ನ ಬಗ್ಗೆ ಏನಾರ ಬರ್ದಾರೇನು?" ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಅವನು ಹೇಳಲಿ ಎಂದಿರಬೇಕು. ಅವನ ಬಾಯಿಂದಲಾದರೂ ಅದು ನನಗೆ ತಾಗಲಿ ಎಂದಿರಬೇಕು.

"ಇಲ್ಲ ಅಣ್ಣ" ಎಂದ ರೋಕಿ. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. "ಉಳಿದದ್ದೆಲ್ಲ ಆಫೀಸಿನ ಸಂಗತಿ. ನಿಮಗೆ ಬೇಡ."

ಎರಡನೆಯದನ್ನೂ ಓದಿದ. ಆಮೇಲೆ ಎರಡನ್ನೂ ಮಡಿಸಿ, "ಇದು ನಿಮ್ಮ ಹತ್ರ ಇರ್ಲಿ" ಎಂದು ಕೊಟ್ಟ. ತೆಗೆದುಕೊಂಡು ಬಿಡಿಸಿದೆ. ಬಿಡಿಸುವಾಗ, ಇಷ್ಟು ವರ್ಷ ಮಾಡಿದ ನಾಟಕ ಕೈಗೇ ಹತ್ತಿಬಿಟ್ಟಿತ್ತೋ ಏನೋ, ಕಾಗದವನ್ನು ತಲೆಕೆಳಗಾಗಿ ಹಿಡಿದಿದ್ದೆ.

ರೋಕಿ ನೋಡಿದ. ನನಗೆ ನಾಚಿಕೆಯಾಗದಂತೆ ಬೇರೆಲ್ಲೋ ನೋಡುತ್ತ, ಕಾಗದದ ಎರಡು ತುದಿ ಹಿಡಿದು ಮೆಲ್ಲಗೆ ತಿರುಗಿಸಿ ನೆಟ್ಟಗೆ ಮಾಡಿ ನನ್ನ ಕೈಯಲ್ಲಿಟ್ಟ.